ಜಿಎಸ್‌ಟಿ ಅಂಕಿಯಿಂದ ಆರ್ಥಿಕತೆಯ ನಾಡಿ ಹಿಡಿಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಪ್ರತಿ ತಿಂಗಳ 1ನೇ ತಾರೀಕಿನ ಆಸುಪಾಸಿನಲ್ಲಿ ಹಿಂದಿನ ತಿಂಗಳ ಜಿಎಸ್‌ಟಿ ಸಂಗ್ರಹದ ಅಂಕಿ ಹೊರಬೀಳುತ್ತದೆ. ಅರ್ಧ ಗಂಟೆಯೊಳಗೆ ‘ಆರ್ಥಿಕತೆ ಚೇತರಿಸಿತು’ ಎಂದೋ ‘ಮಾರುಕಟ್ಟೆ ಮಂಕಾಯಿತು’ ಎಂದೋ ಬರಹಗಳು ಶುರುವಾಗುತ್ತವೆ. ಮುಂದಿನ ತಿಂಗಳು ಅದೇ ಮಂದಿ ಇದಕ್ಕೆ ತದ್ವಿರುದ್ಧ ಬರೆದಿರುತ್ತಾರೆ. ವರ್ತಕರ ಸಂಘಗಳಿಗೆ, ಪತ್ರಿಕೋದ್ಯಮ ಓದುವ ಹುಡುಗರಿಗೆ ಇದನ್ನು ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ನಾನು ಕಂಡಂತೆ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ: ಶೇಕಡಾವಾರು ಬೆಳವಣಿಗೆಯನ್ನು ಮೊದಲು ಲೆಕ್ಕ ಹಾಕಿ, ಅದಕ್ಕೆ ಕಾರಣವನ್ನು ಆಮೇಲೆ ಹುಡುಕುತ್ತಾರೆ.

ಈ ಕ್ರಮವನ್ನು ತಿರುಗಿಸಬೇಕು. ಕೆಳಗಿನ ವಿಧಾನದಲ್ಲಿ ಶೇಕಡಾವಾರು ಬರುವುದು ಆರನೇ ಹಂತದಲ್ಲಿ. ಜಿಡಿಪಿ ಅಂಕಿ ಸಿಗುವುದು ತ್ರೈಮಾಸಿಕ ಮುಗಿದು ಸುಮಾರು ಎರಡು ತಿಂಗಳಾದ ಮೇಲೆ. ತೆರಿಗೆ ಅಂಕಿ ಅದಕ್ಕಿಂತ ಬಹಳ ಮುಂಚೆ ಕೈಸೇರುತ್ತದೆ. ಈ ಅವಸರದ ಲಾಭ ಸಿಗಬೇಕಾದರೆ ಓದುವುದರಲ್ಲಿ ಅವಸರ ಸಲ್ಲದು.

ಬೇಕಾದ ಸಾಮಗ್ರಿ

ದೊಡ್ಡ ಸಾಫ್ಟ್‌ವೇರ್ ಬೇಡ. ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಕನಿಷ್ಠ ಮೂರು ವರ್ಷಗಳ ಮಾಸಿಕ ಅಂಕಿ ತುಂಬಿಕೊಳ್ಳಿ: ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮತ್ತು ಆಮದಾಗುವ ಸರಕಿನ ತೆರಿಗೆ), ಸೆಸ್ (ಕೆಲವು ವಸ್ತುಗಳ ಮೇಲಿನ ಹೆಚ್ಚುವರಿ ತೆರಿಗೆ), ಆಮದಿನ ಮೇಲಿನ ತೆರಿಗೆ, ರೀಫಂಡ್ (ವಾಪಸು ಕೊಟ್ಟ ತೆರಿಗೆ), ಒಂದೊಂದಕ್ಕೂ ಬೇರೆ ಕಾಲಂ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಇವು ಸಿಗುತ್ತವೆ. ಕೇಂದ್ರದ ಉಳಿದ ತೆರಿಗೆಗಳಿಗೆ ಮಹಾ ಲೆಕ್ಕ ನಿಯಂತ್ರಕರ ಮಾಸಿಕ ಲೆಕ್ಕ, ರಾಜ್ಯಗಳಿಗೆ ಸಿಎಜಿಯ (ಮಹಾಲೇಖಪಾಲರ) ಮಾಸಿಕ ಸೂಚಕಗಳನ್ನು ನೋಡಿ.

ಇನ್ನೆರಡು ವಸ್ತುಗಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಒಂದು, ಪಂಚಾಂಗ. ಇನ್ನೊಂದು, ನಾನು ‘ಬದಲಾವಣೆ ಡೈರಿ’ ಎನ್ನುವ ಒಂದು ಹಾಳೆ. ಯಾವ ತಾರೀಕು ಯಾವ ದರ ಬದಲಾಯಿತು, ಯಾವ ಗಡುವು ಮುಂದೆ ಹೋಯಿತು ಎಂದು ಅದರಲ್ಲಿ ಒಂದೊಂದೇ ಸಾಲು ಬರೆಯುತ್ತಾ ಹೋಗಬೇಕು. ಈ ಹಾಳೆಯಿಲ್ಲದವರು ಮೂರನೇ ಹಂತದಲ್ಲಿ ಖಂಡಿತ ಸಿಕ್ಕಿಬೀಳುತ್ತಾರೆ.

ಹಂತ 1: ಮೊದಲು ತಿಂಗಳನ್ನು ಸರಿಮಾಡಿಕೊಳ್ಳಿ

ರಾಣೆಬೆನ್ನೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರ್ಚ್ 28ರಂದು ಸಿಮೆಂಟ್ ಮಾರಾಟವಾಯಿತು ಎನ್ನಿ. ಬಿಲ್ಲು ಮಾರ್ಚ್‌ನದು. ಮಾಲೀಕರು ಆ ಬಿಲ್ಲನ್ನು ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರದ ರಿಟರ್ನ್) ತೋರಿಸುವುದು ಏಪ್ರಿಲ್ 11ರೊಳಗೆ. ತೆರಿಗೆ ಲೆಕ್ಕದ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಿ ಚಲನ್ ಕಟ್ಟುವುದು ಏಪ್ರಿಲ್ 20ರೊಳಗೆ. ದುಡ್ಡು ಏಪ್ರಿಲ್ ಸಂಗ್ರಹಕ್ಕೆ ಸೇರುತ್ತದೆ, ನಮಗೆ ಕಾಣುವುದು ಮೇ 1ಕ್ಕೆ. ‘ಏಪ್ರಿಲ್ ಸಂಗ್ರಹ’ ಎಂದು ಓದುವಾಗ ನೀವು ನೋಡುತ್ತಿರುವುದು ಮಾರ್ಚ್ ತಿಂಗಳ ಅಂಗಡಿಯನ್ನು.

ಆದರೆ ಪೂರ್ತಿ ಅಲ್ಲ, ಜಾಣರೂ ತಪ್ಪುವುದು ಇಲ್ಲಿಯೇ. ವಿದೇಶದಿಂದ ಬಂದ ಸರಕಿನ ಐಜಿಎಸ್‌ಟಿಯನ್ನು ಕಸ್ಟಮ್ಸ್‌ನಲ್ಲಿ ಸರಕು ಬಿಡಿಸಿಕೊಳ್ಳುವಾಗಲೇ ಕಟ್ಟಬೇಕು. ಅದು ಅದೇ ತಿಂಗಳ ಚಟುವಟಿಕೆ. ಏಪ್ರಿಲ್ ಮೊತ್ತದೊಳಗೆ ಮಾರ್ಚ್‌ನ ದೇಶೀ ವ್ಯಾಪಾರ, ಏಪ್ರಿಲ್‌ನ ಆಮದು ಎರಡೂ ಒಟ್ಟಿಗೆ ಕೂತಿರುತ್ತವೆ. ಹಾಳೆಯಲ್ಲಿ ದೇಶೀ ಅಂಕಿಯನ್ನು ಒಂದು ಸಾಲು ಮೇಲಕ್ಕೆ ಸರಿಸಿ, ಆಮದನ್ನು ಇದ್ದಲ್ಲೇ ಬಿಡಿ.

ಮೂರನೆಯ ಸಿಕ್ಕು ಸಣ್ಣ ವರ್ತಕರದು. 5 ಕೋಟಿವರೆಗಿನ ವಹಿವಾಟಿನವರು 2021ರ ಜನವರಿಯಿಂದ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು. ಮೊದಲೆರಡು ತಿಂಗಳು ತೆರಿಗೆಯನ್ನು ಅಂದಾಜಿನಲ್ಲಿ ಕಟ್ಟಲು ಅವಕಾಶವಿದೆ. ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ ಶೇ 35ರಷ್ಟು ಕಟ್ಟಿದರಾಯಿತು. ಈ ದಾರಿ ಹಿಡಿದವರ ದುಡ್ಡು ಮೊದಲೆರಡು ತಿಂಗಳು ಹೇಳುವುದು ಹಳೆಯ ಕಥೆಯನ್ನೇ. ನಿಜವಾದ ಲೆಕ್ಕ ಚುಕ್ತಾ ಆಗುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ. ಸಣ್ಣ ವ್ಯಾಪಾರದ ಏರಿಳಿತ ತಿಳಿಯಬೇಕಾದರೆ ಆ ನಾಲ್ಕು ತಿಂಗಳಿಗೆ ಹೆಚ್ಚು ಕಿವಿಗೊಡಿ.

ಎಚ್ಚರಿಕೆಯ ಗುರುತು: ‘ಏಪ್ರಿಲ್‌ನಲ್ಲಿ ಸಾರ್ವಕಾಲಿಕ ದಾಖಲೆ’ ಎಂಬ ಮಾತು. ಮಾರ್ಚ್‌ನಲ್ಲಿ ಕಂಪನಿಗಳು ವರ್ಷದ ಲೆಕ್ಕ ಮುಗಿಸುತ್ತವೆ, ಗುರಿ ಮುಟ್ಟಲು ಸರಕು ಕಳಿಸುತ್ತವೆ, ಬಾಕಿ ಬಿಲ್ಲು ಹಾಕುತ್ತವೆ. ಹಾಗಾಗಿ ಏಪ್ರಿಲ್ ಸಂಗ್ರಹ ವರ್ಷದ ಉಳಿದ ತಿಂಗಳುಗಳಿಗಿಂತ ಎತ್ತರದಲ್ಲಿ ನಿಲ್ಲುವುದು ಮಾಮೂಲು. ಏಪ್ರಿಲನ್ನು ಮೇ ಜೊತೆ ಹೋಲಿಸಿ ‘ಕುಸಿತ’ ಎಂದು ಬರೆಯಬೇಡಿ.

ಹಂತ 2: ಮೊತ್ತವನ್ನು ಬಿಡಿಸಿ

ದೊಡ್ಡಕ್ಷರದಲ್ಲಿ ಬರುವುದು ಒಟ್ಟು ಸಂಗ್ರಹ. ಅದನ್ನು ಮೂರು ತುಂಡು ಮಾಡಿ: ದೇಶೀ ವಹಿವಾಟು, ಆಮದು, ರೀಫಂಡ್.

ಆಮದಿನ ತೆರಿಗೆ ಬಂದರಿಗೆ ಬಂದ ಸರಕಿನ ಬೆಲೆಯ ಮೇಲೆ ನಿಂತಿದೆ. ಡಾಲರ್ ಎದುರು ರೂಪಾಯಿ ಇಳಿದರೂ ಅದು ಏರುತ್ತದೆ, ಅಷ್ಟಕ್ಕೇ ನಮ್ಮೂರಿನ ಅಂಗಡಿಗಳಲ್ಲಿ ಜನ ಹೆಚ್ಚಾದರು ಎಂದಾಗುವುದಿಲ್ಲ. ರೀಫಂಡ್ ಹೆಚ್ಚಿನಂಶ ರಫ್ತುದಾರರಿಗೆ ಮತ್ತು ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ) ಬಳಕೆಯಾಗದೆ ಉಳಿದವರಿಗೆ ವಾಪಸು ಹೋಗುವ ದುಡ್ಡು. ಕಚೇರಿಗಳು ಬಾಕಿ ಅರ್ಜಿಗಳನ್ನು ಒಮ್ಮೆಲೇ ವಿಲೇವಾರಿ ಮಾಡಿದರೆ ರೀಫಂಡ್ ಕಳೆದು ಉಳಿಯುವ ನಿವ್ವಳ ಸಂಗ್ರಹ ಕುಗ್ಗುತ್ತದೆ, ತಡಮಾಡಿದರೆ ಉಬ್ಬುತ್ತದೆ. ಅದಕ್ಕೂ ಆ ತಿಂಗಳ ವ್ಯಾಪಾರಕ್ಕೂ ಸಂಬಂಧವಿಲ್ಲ.

2025ರ ಏಪ್ರಿಲ್ ಅಂಕಿಯನ್ನೇ ತೆಗೆದುಕೊಳ್ಳಿ. ಒಟ್ಟು 2,36,716 ಕೋಟಿ ರೂಪಾಯಿ, ಹಿಂದಿನ ವರ್ಷದ 2,10,267 ಕೋಟಿಗಿಂತ ಶೇ 12.6 ಹೆಚ್ಚು. ಎಲ್ಲೆಡೆ ಓಡಾಡಿದ್ದು ಇದೇ ಸಂಖ್ಯೆ. ಬಿಡಿಸಿದರೆ ಆಮದಿನ ತೆರಿಗೆ 46,913 ಕೋಟಿ, ಏರಿಕೆ ಶೇ 20.8. ದೇಶೀ ವಹಿವಾಟಿನ ಏರಿಕೆ ಶೇ 10.7. ರೀಫಂಡ್ ಶೇ 48.3 ಏರಿ 27,341 ಕೋಟಿಗೆ ಮುಟ್ಟಿತ್ತು. ನಿವ್ವಳ ಬೆಳವಣಿಗೆ ಶೇ 9.1. ಒಂದೇ ತಿಂಗಳ ಒಂದೇ ಪ್ರಕಟಣೆಯಲ್ಲಿ 12.6, 10.7, 9.1 ಎಂಬ ಮೂರು ಉತ್ತರಗಳಿವೆ. ಮಾರುಕಟ್ಟೆಯ ಬಿಸಿ ಅಳೆಯಲು ನಾನು ದೇಶೀ ಅಂಕಿಯನ್ನು ಹಿಡಿಯುತ್ತೇನೆ. ಸರ್ಕಾರದ ಕೈಗೆ ಎಷ್ಟು ಬಂತು ಎಂಬ ಪ್ರಶ್ನೆಯಾದರೆ ನಿವ್ವಳ.

ಇನ್ನೊಂದು ಮಾತು. ಪ್ರಕಟವಾಗುವುದು ನಗದಾಗಿ ಬಂದ ತೆರಿಗೆ. ವರ್ತಕ ತನ್ನ ಖರೀದಿಯ ಮೇಲೆ ಕಟ್ಟಿದ್ದನ್ನು ಕ್ರೆಡಿಟ್ ಆಗಿ ಕಳೆದು, ಉಳಿದದ್ದನ್ನಷ್ಟೇ ಕಟ್ಟುತ್ತಾನೆ. ಹಬ್ಬಕ್ಕೆ ಮುಂಚೆ ಗೋದಾಮು ತುಂಬಿಸಿಕೊಂಡರೆ ಅವನ ಕ್ರೆಡಿಟ್ ಹೆಚ್ಚುತ್ತದೆ, ಕಟ್ಟುವ ನಗದು ತಗ್ಗುತ್ತದೆ. ಮುಂದಿನ ಮಾರಾಟದ ಭರವಸೆಯಿಂದ ತಗ್ಗಿದ ತೆರಿಗೆ ಅದು. ಮಂದಗತಿ ಎಂದು ಓದಿದರೆ ಅವನಿಗೆ ಅನ್ಯಾಯ.

ಹಂತ 3: ಸರ್ಕಾರದ ಕೈ ಎಲ್ಲಿ ತಗುಲಿದೆ ನೋಡಿ

ಈ ಹಂತಕ್ಕೆ ಅತಿ ಹೆಚ್ಚು ಸಮಯ ಕೊಡಿ. ತೆರಿಗೆ ಅಂದರೆ ವಹಿವಾಟು ಗುಣಿಸು ದರ. ದರ ಬದಲಾದ ತಿಂಗಳು ವಹಿವಾಟು ಎಷ್ಟಿತ್ತೆಂದು ತೆರಿಗೆ ನೇರವಾಗಿ ಹೇಳಲಾರದು.

2025ರ ಸೆಪ್ಟೆಂಬರ್ 22ರಂದು ತಂಬಾಕಿನಂಥ ಕೆಲವನ್ನು ಬಿಟ್ಟರೆ ಜಿಎಸ್‌ಟಿಯ ಶೇ 12 ಮತ್ತು 28ರ ದರಗಳು ಹೋಗಿ, ಮುಖ್ಯವಾಗಿ 5 ಮತ್ತು 18 ಉಳಿದವು, ಕೆಲವಕ್ಕೆ ಹೊಸದಾಗಿ 40 ಬಂತು. ಸಿಮೆಂಟ್ 28ರಿಂದ 18ಕ್ಕೆ ಬಂತು. ಅದೇ ಹಾರ್ಡ್‌ವೇರ್ ಅಂಗಡಿಗೆ ವಾಪಸು ಹೋಗೋಣ. ತೆರಿಗೆ ಸೇರದ ಬೆಲೆ 300 ರೂಪಾಯಿ ಎಂದುಕೊಂಡರೆ ಒಂದು ಚೀಲಕ್ಕೆ ಮೊದಲು 84 ರೂಪಾಯಿ ತೆರಿಗೆ, ಈಗ 54. ನೂರು ಚೀಲ ಮಾರಿದವರು ಈಗಲೂ ನೂರೇ ಮಾರಿದರೆ ತೆರಿಗೆ 8,400ರಿಂದ 5,400ಕ್ಕೆ ಇಳಿಯುತ್ತದೆ. ಶೇ 36ರಷ್ಟು ಇಳಿಕೆ, ಆದರೆ ವ್ಯಾಪಾರ ಒಂದು ಚೀಲವೂ ಕಡಿಮೆಯಾಗಿಲ್ಲ. ಹಳೆಯ ತೆರಿಗೆ ಬರಬೇಕಾದರೆ 156 ಚೀಲ ಮಾರಬೇಕು.

ಇದರ ಮೇಲೆ ಹಳೇ ಸ್ಟಾಕಿನ ಕಥೆ. ತೆರಿಗೆ ಸೇರದ 280 ರೂಪಾಯಿ ಬೆಲೆಯ ಮೇಲೆ ಶೇ 28 ಕಟ್ಟಿ ತಂದಿಟ್ಟ ಚೀಲಕ್ಕೆ 78 ರೂಪಾಯಿ 40 ಪೈಸೆ ಕ್ರೆಡಿಟ್ ಇದೆ. ಮಾರಿದಾಗ ಕಟ್ಟಬೇಕಾದ್ದು 54 ಮಾತ್ರ. ಚೀಲವೊಂದಕ್ಕೆ 24 ರೂಪಾಯಿ ಚಿಲ್ಲರೆ ಕ್ರೆಡಿಟ್ ಉಳಿದು, ಅದು ಮುಗಿಯುವವರೆಗೆ ಆ ಅಂಗಡಿಯಿಂದ ನಗದು ತೆರಿಗೆ ಕಡಿಮೆ ಬರುತ್ತದೆ. ದರ ಕಡಿತದ ಬೆನ್ನಿಗೆ ಬರುವ ತಿಂಗಳುಗಳಲ್ಲಿ ಸಂಗ್ರಹ ದರದ ಲೆಕ್ಕಕ್ಕಿಂತಲೂ ಹೆಚ್ಚು ಕುಗ್ಗಿ ಕಾಣಲು ಇದೂ ಒಂದು ಕಾರಣ.

ಸೆಸ್ ಬೇರೆ ಬಲೆ. ತಂಬಾಕು ಉತ್ಪನ್ನಗಳನ್ನು ಬಿಟ್ಟು ಉಳಿದವುಗಳ ಪರಿಹಾರ ಸೆಸ್ (ರಾಜ್ಯಗಳ ನಷ್ಟ ತುಂಬಲೆಂದು ಹಾಕಿದ್ದು) ಅದೇ ದಿನ ನಿಂತಿತು. 2025ರ ನವೆಂಬರ್ ಸಂಗ್ರಹ ಸುಮಾರು 1.70 ಲಕ್ಷ ಕೋಟಿ. 2024ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದ ಮೊತ್ತ 1.82 ಲಕ್ಷ ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಶೇ 6ಕ್ಕೂ ಹೆಚ್ಚಿನ ಕುಸಿತ ಕಂಡಿತು. ಹಳೆಯ ಮೊತ್ತದಲ್ಲಿ ಸೆಸ್ ಇತ್ತು, ಹೊಸದರಲ್ಲಿ ಇಲ್ಲ. ಸೆಸ್ ತೆಗೆದು ಹೋಲಿಸಿದರೆ ಶೇ 0.7 ಏರಿಕೆ. ಹಾಳೆಯಲ್ಲಿ ಸೆಸ್‌ಗೆ ಪ್ರತ್ಯೇಕ ಕಾಲಂ ಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಡೈರಿಯಲ್ಲಿ ಗುರುತು ಹಾಕಬೇಕಾದ ಇನ್ನೂ ಮೂರು ಬಗೆಗಳಿವೆ.

ಗಡುವಿನ ವಿಸ್ತರಣೆ. 2020ರ ಏಪ್ರಿಲ್‌ನಲ್ಲಿ ಸಂಗ್ರಹ ಸುಮಾರು 32 ಸಾವಿರ ಕೋಟಿಗೆ ಬಿದ್ದಿತ್ತು, ಹಿಂದಿನ ವರ್ಷ ಅದೇ ತಿಂಗಳು 1,13,865 ಕೋಟಿ. ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ, ಅಂದರೆ ಮಾರ್ಚ್ ವ್ಯಾಪಾರದ ಬಹುಪಾಲು ಆಗಿಹೋಗಿತ್ತು. ಅಷ್ಟು ಆಳಕ್ಕೆ ಬೀಳಲು ಬಾಗಿಲು ಮುಚ್ಚಿದ್ದಷ್ಟೇ ಕಾರಣವಲ್ಲ, ರಿಟರ್ನ್ ಸಲ್ಲಿಸಲು ಕೊಟ್ಟ ಕಾಲಾವಕಾಶವೂ ಕಾರಣ. ಆದಾಯ ತೆರಿಗೆಯಲ್ಲೂ ಹೀಗೇ. 2025ರಲ್ಲಿ ರಿಟರ್ನ್ ಗಡುವು ಜುಲೈ 31ರಿಂದ ಸೆಪ್ಟೆಂಬರ್‌ಗೆ ಹೋದಾಗ ಆ ನಡುವಿನ ಅಂಕಿಗಳು ಹಿಂದಿನ ವರ್ಷದ ಹೋಲಿಕೆಗೆ ಸಲ್ಲದಾದವು.

ಮಿತಿ ಬದಲಾವಣೆ. ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ಲು) 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನ ಮೇಲಿನವರಿಗೆ ಶುರುವಾಗಿ, ಹಂತ ಹಂತವಾಗಿ 2023ರ ಆಗಸ್ಟ್‌ಗೆ 5 ಕೋಟಿ ಮೇಲಿನವರಿಗೂ ಬಂತು. ಆ ಅವಧಿಯಲ್ಲಿ ಇನ್‌ವಾಯ್ಸ್ ಸಂಖ್ಯೆ ಏರಿದ್ದರಲ್ಲಿ ಎಷ್ಟೋ ಪಾಲು ಹೊಸಬರನ್ನು ಒಳಗೆ ಕರೆದದ್ದರಿಂದ.

ಮುಂಚಿತ ನೂಕುನುಗ್ಗಲು. ಕರ್ನಾಟಕದಲ್ಲಿ ಆಸ್ತಿಯ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ) 2023ರ ಅಕ್ಟೋಬರ್ 1ರಿಂದ ಏರಿತು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಹೋಯಿತು. ಇಂಥ ತಾರೀಕಿಗೆ ಮುಂಚೆ ಜನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಮುಗಿಬೀಳುತ್ತಾರೆ, ಆಮೇಲೆ ಕಚೇರಿ ಭಣಗುಡುತ್ತದೆ. ಮುದ್ರಾಂಕ ಆದಾಯದ ಆ ಏರಿಳಿತವನ್ನು ರಿಯಲ್ ಎಸ್ಟೇಟ್‌ನ ಆರೋಗ್ಯ ಎಂದು ಓದಬಾರದು.

ಹಂತ 4: ಹಬ್ಬ ಮತ್ತು ಹಿಂದಿನ ವರ್ಷ

ದೀಪಾವಳಿ 2023ರಲ್ಲಿ ನವೆಂಬರ್ ನಡುವೆ ಬಂತು, 2024ರಲ್ಲಿ ಅಕ್ಟೋಬರ್ ಕೊನೆಗೆ. ಒಂದೊಂದೇ ತಿಂಗಳನ್ನು ಹೋಲಿಸಿದರೆ ಹಬ್ಬ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಅಕ್ಟೋಬರ್ ಮತ್ತು ನವೆಂಬರ್ ವ್ಯಾಪಾರವನ್ನು, ಅಂದರೆ ನವೆಂಬರ್ ಮತ್ತು ಡಿಸೆಂಬರ್ ಸಂಗ್ರಹವನ್ನು, ಕೂಡಿಸಿಯೇ ಹೋಲಿಸಿ. ಯುಗಾದಿಗೂ ರಂಜಾನ್‌ಗೂ ಮಾರ್ಚ್-ಏಪ್ರಿಲ್ ಜೋಡಿಗೆ ಹೀಗೇ ಮಾಡಿ. 29 ದಿನದ ಫೆಬ್ರವರಿ ಇದ್ದ ವರ್ಷ ದಿನವೊಂದರ ಸರಾಸರಿ ತೆಗೆದರಾಯಿತು.

ಹಿಂದಿನ ವರ್ಷ ಹಳ್ಳದಲ್ಲಿದ್ದರೆ ಈ ವರ್ಷದ ಶೇಕಡಾವಾರು ಆಕಾಶಕ್ಕೇರುತ್ತದೆ. 2021ರ ಏಪ್ರಿಲ್ ಸಂಗ್ರಹ 1.41 ಲಕ್ಷ ಕೋಟಿ, 2020ರ ನಾಲ್ಕು ಪಟ್ಟಿಗೂ ಮೇಲೆ. ಇಂಥಲ್ಲಿ ಎರಡು ವರ್ಷ ಹಿಂದಕ್ಕೆ ಹೋಗಿ. 2019ರ ಏಪ್ರಿಲ್‌ಗೆ ಹೋಲಿಸಿದರೆ ಏರಿಕೆ ಶೇ 24, ವರ್ಷಕ್ಕೆ ಸರಾಸರಿ 11ರ ಮೇಲೆ ಸ್ವಲ್ಪ. ಅದು ನಂಬಬಹುದಾದ ಸಂಖ್ಯೆ.

ಹಂತ 5: ಬೆಲೆಯೇರಿಕೆ ಕಳೆಯಿರಿ

ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಹಾಕುವ ತೆರಿಗೆ ಬೆಲೆ ಏರಿದರೂ ಏರುತ್ತದೆ. ಹಣದುಬ್ಬರದಿಂದ ಭಾಗಿಸಿ, ಸುಮ್ಮನೆ ಕಳೆಯಬೇಡಿ. ಹಣದುಬ್ಬರವೂ ವ್ಯಾಪಾರ ನಡೆದ ತಿಂಗಳಿನದಾಗಿರಲಿ. 2025ರ ಏಪ್ರಿಲ್ ಸಂಗ್ರಹಕ್ಕೆ ಮಾರ್ಚ್‌ನ ಚಿಲ್ಲರೆ ಹಣದುಬ್ಬರ ಶೇ 3.34 ಬೇಕು. 1.107 ಭಾಗಿಸು 1.0334, ಅಂದರೆ ದೇಶೀ ವಹಿವಾಟಿನ ನಿಜ ಏರಿಕೆ 7ರ ಆಸುಪಾಸು. ಚಿಲ್ಲರೆ ಸೂಚ್ಯಂಕದಲ್ಲಿ ಆಹಾರದ ತೂಕ ದೊಡ್ಡದು, ಜಿಎಸ್‌ಟಿಯಲ್ಲಿ ಅಕ್ಕಿ ತರಕಾರಿಗಳ ಪಾಲು ತೀರಾ ಸಣ್ಣದು. ಹಾಗಾಗಿ ತರಕಾರಿ ಬೆಲೆ ಹುಚ್ಚೆದ್ದ ತಿಂಗಳು ಆಹಾರ, ಇಂಧನ ಬಿಟ್ಟ ಹಣದುಬ್ಬರ ಬಳಸುವುದು ಮೇಲು.

ಲೀಟರ್ ಲೆಕ್ಕದ ತೆರಿಗೆಗೆ ಈ ಹಂತ ಬೇಡ. ಪೆಟ್ರೋಲ್, ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ಎಂದಿರುತ್ತದೆ, ದರ ಬದಲಾಗದಿದ್ದರೆ ಅದು ಬಳಕೆಯನ್ನೇ ತೋರಿಸುತ್ತದೆ. ಕರ್ನಾಟಕದ ಮಾರಾಟ ತೆರಿಗೆ ಶೇಕಡಾ ಲೆಕ್ಕದ್ದು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲೆ 25.92ರಿಂದ 29.84ಕ್ಕೆ ಏರಿತು, ಡೀಸೆಲ್ ಮೇಲೆ 2025ರ ಏಪ್ರಿಲ್‌ನಲ್ಲಿ 21.17 ಆಯಿತು. ಆದಾಯ ಹೆಚ್ಚಿತೆಂದು ಲಾರಿಗಳ ಓಡಾಟ ಹೆಚ್ಚಿತೆನ್ನಲು ಬರುವುದಿಲ್ಲ.

ಹಂತ 6: ಈಗ ಶೇಕಡಾವಾರು, ಅದೂ ಮೂರು ತಿಂಗಳದ್ದು

ಒಂದು ತಿಂಗಳ ಬೆಳವಣಿಗೆಯನ್ನು ಹಾಳೆಯಲ್ಲಿ ಇಡಿ, ಬರಹದಲ್ಲಿ ಬೇಡ. ಮೂರು ತಿಂಗಳ ಮೊತ್ತವನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿ.

2025ರಲ್ಲಿ ಒಟ್ಟು ಸಂಗ್ರಹದ ಏರಿಕೆ ಏಪ್ರಿಲ್‌ನಲ್ಲಿ ಶೇ 12.6, ಮೇನಲ್ಲಿ 16.4, ಜೂನ್‌ನಲ್ಲಿ 6.2. ಇದನ್ನು ತಿಂಗಳು ತಿಂಗಳು ಓದಿದವರು ಮೇನಲ್ಲಿ ಹಿಗ್ಗಿದರು, ಜೂನ್‌ನಲ್ಲಿ ಹೆದರಿದರು. ಮೂರನ್ನೂ ಕೂಡಿಸಿದರೆ 6.22 ಲಕ್ಷ ಕೋಟಿ, ಏರಿಕೆ ಶೇ 11.8. ಆ ವರ್ಷ ಯುಗಾದಿ, ರಂಜಾನ್ ಎರಡೂ ಮಾರ್ಚ್ ಕೊನೆಗೆ ಬಂದಿದ್ದವು, ಹಿಂದಿನ ವರ್ಷ ಏಪ್ರಿಲ್‌ನಲ್ಲಿ. ಏಪ್ರಿಲ್ ಸಂಗ್ರಹ ಉಬ್ಬಿದ್ದು ಹಬ್ಬದಿಂದ ಇರಬಹುದೆಂದು ನನಗೂ ಅನುಮಾನವಿತ್ತು. ಮೇ ಅಂಕಿ ತಗ್ಗಬೇಕಿತ್ತು, ಇನ್ನೂ ಏರಿತು, ಅನುಮಾನ ಅಲ್ಲಿಗೆ ಬಿತ್ತು. ಬಿಡಿಸಿ ನೋಡಿದರೆ ಮೇ ಏರಿಕೆಯಲ್ಲಿ ಆಮದು ಶೇ 25.2, ದೇಶೀ 13.7. ಜೂನ್‌ನಲ್ಲಿ ದೇಶೀ ಬೆಳವಣಿಗೆ 4.6ಕ್ಕೆ ಇಳಿದಿತ್ತು. ಗಮನಿಸಬೇಕಾದ ಸಂಗತಿ ಅದು, ಆದರೆ ಒಂದು ತಿಂಗಳ ಬಲದ ಮೇಲೆ ತೀರ್ಪು ಕೊಡುವಷ್ಟಲ್ಲ.

ಹಂತ 7: ಎರಡನೇ ಸಾಕ್ಷಿ ಕರೆಯಿರಿ

ತೆರಿಗೆಯೊಂದನ್ನೇ ನಂಬಬೇಡಿ. ರೂಪಾಯಿಯಲ್ಲಲ್ಲದೆ ಸಂಖ್ಯೆಯಲ್ಲಿ ಸಿಗುವ ಅಂಕಿಗಳನ್ನು ಪಕ್ಕಕ್ಕಿಡಿ. ಇ-ವೇ ಬಿಲ್ ಇದರಲ್ಲಿ ಮೊದಲನೆಯದು. ಸಾಮಾನ್ಯವಾಗಿ 50 ಸಾವಿರ ರೂಪಾಯಿ ಮೇಲಿನ ಸರಕು ಸಾಗಿಸಲು ಅದು ಬೇಕು. ಸರಕು ಹೊರಡುವಾಗಲೇ ತೆಗೆಯುವುದರಿಂದ ಅದು ಅದೇ ತಿಂಗಳದು. ರಾಜ್ಯದೊಳಗಿನ ಸಾಗಣೆಗೂ ಇದನ್ನು 2018ರ ಏಪ್ರಿಲ್ 1ರಿಂದಲೇ ಮೊದಲು ಜಾರಿ ಮಾಡಿದ್ದು ಕರ್ನಾಟಕ. ವಾಹನ್ ಪೋರ್ಟಲ್‌ನ ಹೊಸ ನೋಂದಣಿ, ಡೀಸೆಲ್ ಬಳಕೆಯ ಟನ್ ಲೆಕ್ಕ, ವಿದ್ಯುತ್ ಬೇಡಿಕೆ ಇವೂ ಬೇಕು.

ದರ ಕಡಿತದ ತಿಂಗಳಲ್ಲಿ ತೆರಿಗೆ ಇಳಿದು ಇ-ವೇ ಬಿಲ್ ಮತ್ತು ವಾಹನ ನೋಂದಣಿ ಏರಿದ್ದರೆ ಮಾರುಕಟ್ಟೆ ಚುರುಕಾಗಿದೆ. ಮೂರೂ ಒಟ್ಟಿಗೆ ಬಿದ್ದರೆ ಮಾತ್ರ ಆತಂಕ.

ಸಂಬಳದ ಕಡೆಗೆ ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ನೋಡಿ, ಅದು ಮುಂದಿನ ತಿಂಗಳ 7ರೊಳಗೆ ಜಮೆಯಾಗುತ್ತದೆ, ಮಾರ್ಚ್‌ದು ಮಾತ್ರ ಏಪ್ರಿಲ್ 30ರವರೆಗೆ. ಕಂಪನಿಗಳ ಲಾಭದ ನಿರೀಕ್ಷೆಗೆ ಮುಂಗಡ ತೆರಿಗೆ. ಅದು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಮಾತ್ರ ಮಾತಾಡುತ್ತದೆ. ನಡುವಿನ ತಿಂಗಳ ಕಾರ್ಪೊರೇಟ್ ತೆರಿಗೆಯಿಂದ ಏನನ್ನೂ ತೆಗೆಯಲು ಹೋಗಬೇಡಿ.

ಹಂತ 8: ಕರ್ನಾಟಕದ ಅಂಕಿ ಓದುವಾಗ

ಮಾಸಿಕ ಪಟ್ಟಿಯಲ್ಲಿ ಕರ್ನಾಟಕದ ಮುಂದೆ 2024ರ ಏಪ್ರಿಲ್‌ಗೆ 15,978 ಕೋಟಿ, 2025ರ ಏಪ್ರಿಲ್‌ಗೆ 17,815 ಕೋಟಿ ಎಂದಿದೆ. ಇದು ಇಲ್ಲಿ ನೋಂದಣಿಯಾದವರು ಕಟ್ಟಿದ ತೆರಿಗೆ. ಪೀಣ್ಯದ ಕಾರ್ಖಾನೆಯೊಂದು ಕೊಯಮತ್ತೂರಿಗೆ ಯಂತ್ರ ಕಳಿಸಿ ಕಟ್ಟಿದ ಐಜಿಎಸ್‌ಟಿಯೂ ಇದರಲ್ಲಿದೆ. ಕನ್ನಡಿಗರು ಎಷ್ಟು ಕೊಂಡರು ಎಂದು ತಿಳಿಯಲು ಐಜಿಎಸ್‌ಟಿಯಲ್ಲಿ ಕೊಳ್ಳುವ ರಾಜ್ಯದ ಪಾಲು ಹಂಚಿಕೆಯಾದ ನಂತರದ ಎಸ್‌ಜಿಎಸ್‌ಟಿ ಪಟ್ಟಿ ಬೇಕು. ಅದರಲ್ಲಿ ಕೇಂದ್ರ ಕೆಲವೊಮ್ಮೆ ತಾತ್ಕಾಲಿಕ ಹಂಚಿಕೆ ಮಾಡಿ ಒಂದೇ ತಿಂಗಳಿಗೆ ದೊಡ್ಡ ಮೊತ್ತ ಸೇರಿಸಿರುತ್ತದೆ. ಎಲ್ಲ ರಾಜ್ಯಗಳೂ ಒಟ್ಟಿಗೆ ಜಿಗಿದಿದ್ದರೆ ಅದೇ ಕಾರಣವೆಂದು ಅನುಮಾನಿಸಿ.

ಕಾಣದಿರುವುದನ್ನೂ ಬರೆದಿಟ್ಟುಕೊಳ್ಳಿ. ಸಾಫ್ಟ್‌ವೇರ್ ರಫ್ತಿಗೆ ಜಿಎಸ್‌ಟಿ ದರ ಸೊನ್ನೆ. 40 ಲಕ್ಷಕ್ಕಿಂತ ಕಡಿಮೆ ಸರಕು ವಹಿವಾಟಿನ ಅಂಗಡಿ ನೋಂದಣಿಗೇ ಬರಬೇಕಾಗಿಲ್ಲ. ರೈತ ಬೆಳೆದದ್ದನ್ನು ಮಾರುವುದು ಹೊರಗೇ ಉಳಿಯುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ಆ ಹಣಕಾಸು ವರ್ಷ ಮುಗಿದಾಗ, 2024ರ ಏಪ್ರಿಲ್‌ನಲ್ಲಿ, ಕರ್ನಾಟಕದ ಜಿಎಸ್‌ಟಿ ಶೇ 9 ಏರಿತ್ತು. ಸಂಖ್ಯೆ ಸರಿಯಾಗಿಯೇ ಇತ್ತು. ಒಣಗಿದ ರಾಗಿ ಹೊಲ ಅದರೊಳಗೆ ಇರಲಿಲ್ಲ, ಅಷ್ಟೆ. ಆ ವರ್ಷ ಇದೊಂದೇ ಅಂಕಿ ಹಿಡಿದು ‘ರಾಜ್ಯ ಚೆನ್ನಾಗಿದೆ’ ಎಂದು ಬರೆದದ್ದನ್ನು ಓದಿದಾಗ ನನಗೆ ನಿಜಕ್ಕೂ ನೋವಾಗಿತ್ತು. ಹಳ್ಳಿಯ ಸ್ಥಿತಿ ತಿಳಿಯಬೇಕಾದರೆ ಟ್ರ್ಯಾಕ್ಟರ್ ಮತ್ತು ದ್ವಿಚಕ್ರ ವಾಹನದ ನೋಂದಣಿ, ಗ್ರಾಮೀಣ ಉದ್ಯೋಗ ಖಾತರಿ ಕೆಲಸದ ಬೇಡಿಕೆ ಇವನ್ನು ಹಾಳೆಗೆ ಸೇರಿಸಲೇಬೇಕು.

ಹಂತ 9: ಬರೆಯುವುದು

ವಾಕ್ಯದಲ್ಲಿ ನಾಲ್ಕು ಸಂಗತಿ ಇರಲಿ: ಯಾವ ತಿಂಗಳ ವ್ಯಾಪಾರ, ಯಾವ ತುಂಡು, ಏನನ್ನು ಕಳೆದಿದ್ದೀರಿ, ಯಾವ ಸಾಕ್ಷಿ ಜೊತೆಗಿದೆ. ಮುಂದಿನ ತಿಂಗಳು ಹಳೆಯ ಅಂಕಿ ಪರಿಷ್ಕರಣೆಯಾಗಿದೆಯೇ ನೋಡಿ, ಆಗಿದ್ದರೆ ಹಾಳೆಯನ್ನೂ ತಿದ್ದಿ. 2025ರ ಏಪ್ರಿಲ್ ಅಂಕಿಗೆ ನಾನು ಬರೆದಿಟ್ಟ ಟಿಪ್ಪಣಿ ಇದು, ಮಾದರಿಗೆ ಬಳಸಿಕೊಳ್ಳಿ:

‘ಮಾರ್ಚ್ ತಿಂಗಳ ದೇಶೀ ವಹಿವಾಟಿನ ಜಿಎಸ್‌ಟಿ ಹಿಂದಿನ ವರ್ಷಕ್ಕಿಂತ ಶೇ 10.7 ಹೆಚ್ಚು, ಬೆಲೆಯೇರಿಕೆ ಬಿಟ್ಟರೆ ಸುಮಾರು 7. ವರ್ಷಾಂತ್ಯದ ಬಿಲ್ಲುಗಳು ಸೇರಿವೆ. ಎರಡು ಹಬ್ಬ ಈ ಬಾರಿ ಮಾರ್ಚ್‌ಗೆ ಬಂದಿವೆ, ಮೇ ಅಂಕಿ ನೋಡಬೇಕು. ಕೃಷಿ ಇದರಲ್ಲಿಲ್ಲ.’